ನದಿ ನೀರಿಗೆ ಇಷ್ಟೊಂದು ಬಿಲ್ ಯಾಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ. ಬಿಲ್ ಮಾತ್ರ ತಿಂಗಳು ತಪ್ಪಲ್ಲ. 2025ರಲ್ಲಿ ದರ ಬೇರೆ ಏರಿಸಿದರು. ಮಳೆ ಸುರಿದು, ನದಿಯಲ್ಲಿ ಹರಿಯೋ ನೀರು ಅಲ್ವಾ ಅದು? ಅದಕ್ಕೆ ಯಾಕೆ ಇಷ್ಟು ಕಟ್ಟಬೇಕು? ಈ ದುಡ್ಡು ಹೋಗೋದಾದರೂ ಎಲ್ಲಿಗೆ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ನೀರು ಪುಕ್ಕಟೆಯೇ, ಅದರಲ್ಲಿ ಅನುಮಾನ ಬೇಡ. ಆದರೆ ಕಾವೇರಿ ಬೆಂಗಳೂರಿಗೆ ಹರಿದು ಬರುವುದಿಲ್ಲ, ಹತ್ತಿ ಬರುತ್ತಾಳೆ. ನೀವು ಕಟ್ಟುವುದು ಆ ಹತ್ತುವ ಖರ್ಚನ್ನು.

ದಾರಿಯನ್ನೇ ನೋಡಿ. ಮಂಡ್ಯ ಜಿಲ್ಲೆಯ ಶಿವ ಅಣೆಕಟ್ಟೆಯಿಂದ ಹೊರಟ ನೀರು ನೆಟ್ಕಲ್ ಜಲಾಶಯದ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬರುತ್ತದೆ. ಎಲ್ಲರೂ ಟಿ.ಕೆ. ಹಳ್ಳಿ ಅನ್ನುವ ಊರು ಇದೇ. ಅಲ್ಲಿಯವರೆಗೆ ಇಳಿಜಾರು, ತಾನಾಗೇ ಬರುತ್ತದೆ. ಅಲ್ಲಿ ಶುದ್ಧ ಮಾಡುತ್ತಾರೆ. ಆಮೇಲೆ ಶುರುವಾಗುತ್ತದೆ ಏರು. ಟಿ.ಕೆ. ಹಳ್ಳಿಯಲ್ಲಿ ಒಂದು ಸಲ, ಹಾರೋಹಳ್ಳಿಯಲ್ಲಿ ಇನ್ನೊಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ ಪಂಪ್ ಮಾಡಿ ನಗರಕ್ಕೆ ಮುಟ್ಟಿಸುತ್ತಾರೆ. ದೂರ ಸುಮಾರು 100 ಕಿಲೋಮೀಟರ್, ಎತ್ತರ ಸುಮಾರು 500 ಮೀಟರ್. ಬೆಂಗಳೂರು ಗುಡ್ಡದ ತಲೆಯ ಮೇಲೆ ಕೂತ ಊರು. ಹವೆ ತಂಪಾಗಿದೆ ಅಂತ ಹೊಗಳುತ್ತೇವಲ್ಲ, ಆ ಎತ್ತರಕ್ಕೆ ನೀರಿನ ಬಿಲ್ಲಿನಲ್ಲಿ ಬಾಡಿಗೆ ಕಟ್ಟುತ್ತಿದ್ದೇವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ. ಅದನ್ನು 500 ಮೀಟರ್ ಎತ್ತಲು ಸುಮಾರು 1.4 ಯೂನಿಟ್ ಕರೆಂಟ್ ಬೇಕು. ಪಂಪು ಮೋಟಾರು ನುಂಗುವುದನ್ನೂ, ಅಷ್ಟುದ್ದದ ಪೈಪಿನೊಳಗೆ ನೀರು ಉಜ್ಜಿಕೊಂಡು ಬರುವುದನ್ನೂ ಸೇರಿಸಿದರೆ ಎರಡು ಯೂನಿಟ್ ಅಂತ ಹಿಡಿಯಬಹುದು. ಯೂನಿಟ್ಟಿಗೆ 5 ರೂಪಾಯಿ ಅಂದುಕೊಂಡರೂ ಬರೀ ಕರೆಂಟಿಗೆ 10 ರೂಪಾಯಿ ಆಯಿತು. ಈಗ ಇದನ್ನು 2014ರ ದರದ ಪಕ್ಕ ಇಟ್ಟು ನೋಡಿ. ಮನೆಗಳಿಗೆ ಮೊದಲ 8,000 ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ. ಅಲ್ಲಿಂದ 25,000ದವರೆಗೆ 11 ರೂಪಾಯಿ. ಅಂದರೆ ಸಣ್ಣ ಮನೆಯವರು ಕಟ್ಟುತ್ತಿದ್ದ ದುಡ್ಡು ನೀರನ್ನು ಗುಡ್ಡ ಹತ್ತಿಸಲೂ ಸಾಲುತ್ತಿರಲಿಲ್ಲ. ಶುದ್ಧ ಮಾಡುವುದು, ಪೈಪು, ರಿಪೇರಿ, ಸಂಬಳ, ಸಾಲದ ಕಂತು ಎಲ್ಲ ಆಮೇಲಿನ ಮಾತು.

ಕಾವೇರಿಯ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. ಮೇಲಿನ ಲೆಕ್ಕದಲ್ಲೇ ಗುಣಿಸಿದರೆ ದಿನಕ್ಕೆ 29 ಲಕ್ಷ ಯೂನಿಟ್, ತಿಂಗಳಿಗೆ 43 ಕೋಟಿ ರೂಪಾಯಿಯಷ್ಟು ಕರೆಂಟು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು. ಅದರ ಅಳತೆ ದಿನಕ್ಕೆ 77.5 ಕೋಟಿ ಲೀಟರ್. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲು ಮಾಡಿದ ಯೋಜನೆ ಅದು, ಜಪಾನಿನ ಜೈಕಾ ಸಂಸ್ಥೆಯಿಂದ ಸಾಲ ತಂದು ಕಟ್ಟಿದ್ದು. ಅದೂ ಪೂರ್ತಿ ಓಡಿದರೆ ನಮ್ಮ ಲೆಕ್ಕದ ಕರೆಂಟು ತಿಂಗಳಿಗೆ 67 ಕೋಟಿಯ ಹತ್ತಿರ ಬರುತ್ತದೆ. ಹೆಚ್ಚು ನೀರು ತಂದಷ್ಟೂ ಕರೆಂಟ್ ಬಿಲ್ಲೂ ಹಿಂದೆಯೇ ಬರುತ್ತದೆ. ಮಾರುವ ದರ ಖರ್ಚಿಗಿಂತ ಕಡಿಮೆ ಇದ್ದರೆ, ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ 2025ರ ಏಪ್ರಿಲ್‌ನಲ್ಲಿ ಏರಿಸಿದ್ದೆಷ್ಟು? ಮೊದಲ 8,000 ಲೀಟರಿಗೆ ಲೀಟರ್ ಒಂದಕ್ಕೆ 0.15 ಪೈಸೆ, ಅಲ್ಲಿಂದ 25,000ದವರೆಗೆ 0.40 ಪೈಸೆ. 50,000 ಮೀರಿ ಬಳಸುವವರಿಗೆ ಒಂದು ಪೈಸೆ. ತಿಂಗಳಿಗೆ 15,000 ಲೀಟರ್ ಬಳಸುವ ಮನೆ ಹಳೇ ದರದಲ್ಲಿ ನೀರಿಗೆ 133 ರೂಪಾಯಿ ಕೊಡುತ್ತಿತ್ತು. ಅದಕ್ಕೆ 40 ರೂಪಾಯಿ ಸೇರಿತು. ಬಿಲ್ಲಿನಲ್ಲಿ ಒಳಚರಂಡಿ ಶುಲ್ಕ, ಮೀಟರ್ ಶುಲ್ಕ ಅಂತ ಬೇರೆ ಸಾಲುಗಳಿರುತ್ತವೆ, ಮನೆಯಲ್ಲಿ ಬೋರ್ ಇದ್ದರೆ ಅದಕ್ಕೂ ಒಂದು ಸಾಲು. ಒಳಚರಂಡಿ ಸಾಲನ್ನು ನೋಡಿ ಗೊಣಗುವವರು ಬಹಳ. ಆದರೆ ಬಂದ ನೀರಿನಲ್ಲಿ ಬಹುಪಾಲು ಬಚ್ಚಲು, ಕಕ್ಕಸಿನ ಮೂಲಕ ವಾಪಸ್ ಹೋಗುತ್ತದೆ. ಅದನ್ನು ಒಯ್ಯಲು ಇನ್ನೊಂದು ಪೈಪು, ತೊಳೆಯಲು ಇನ್ನೊಂದು ಘಟಕ. ಹಾಗೆ ತೊಳೆದ ನೀರೇ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ.

ನನ್ನನ್ನು ಕೇಳಿದರೆ, ದರ ಏರಿಸಿದ್ದು ತಪ್ಪಲ್ಲ. ಹತ್ತು ವರ್ಷ ಸುಮ್ನೆ ಕೂತದ್ದು ತಪ್ಪು. 2014ರ ನವೆಂಬರ್ ಆದಮೇಲೆ 2025ರವರೆಗೆ ಯಾವ ಸರ್ಕಾರವೂ ಕೈ ಹಾಕಲಿಲ್ಲ. ಚುನಾವಣೆ ಒಂದಲ್ಲ ಒಂದು ಇದ್ದೇ ಇರುತ್ತದೆ ನೋಡಿ. ಅಷ್ಟು ವರ್ಷ ತಡೆದು ಒಂದೇ ಸಲ ಏರಿಸಿದರೆ ಜನ ಬೈಯದೆ ಇನ್ನೇನು ಮಾಡುತ್ತಾರೆ? ಈಗ ವರ್ಷಕ್ಕೆ ಶೇ 3ರಷ್ಟು ತಾನಾಗೇ ಏರುವ ಹಾಗೆ ಮಾಡಿದ್ದಾರೆ. ಅದು ವಾಸಿ.

"ದರ ಕಡಿಮೆ ಇದ್ದರೆ ಬಡವರಿಗೆ ಒಳ್ಳೆಯದಲ್ವಾ?" ಅನ್ನುತ್ತೀರಿ. ಯಾವ ಬಡವರಿಗೆ ಅಂತ ನನ್ನ ಮರುಪ್ರಶ್ನೆ. ಪೈಪ್ ಇದ್ದವರಿಗೆ ಮಾತ್ರ ಆ ದರ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿದವು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಲು ಶುರು ಮಾಡಿದಾಗ ಜಿಲ್ಲಾಡಳಿತವೇ ದರ ಕಟ್ಟಿತು. 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅಷ್ಟೇ ನೀರು ನಲ್ಲಿಯಲ್ಲಿ ಬಂದಿದ್ದರೆ ಆಗಿನ ದರದಲ್ಲಿ ಸರಿಯಾಗಿ 100 ರೂಪಾಯಿ. ಹತ್ತು ಪಟ್ಟು! ಊರಾಚೆಯ ಬಡಾವಣೆಯವರು ಕಾವೇರಿ ನೀರು ದುಬಾರಿ ಅಂತ ಗಲಾಟೆ ಮಾಡಿದ್ದನ್ನು ನಾನು ಕೇಳಿಲ್ಲ. ನಮಗೂ ಲೈನ್ ಎಳೆಯಿರಿ ಅಂತಲೇ ಅವರ ಗಲಾಟೆ.

ಇಷ್ಟು ಹೇಳಿದ ಮೇಲೆ ಜಲಮಂಡಳಿಗೂ ಒಂದು ಮಾತು ಹೇಳಲೇಬೇಕು. ಪಂಪ್ ಮಾಡಿದ ನೀರೆಲ್ಲ ಬಿಲ್ಲಿಗೆ ಬರುವುದಿಲ್ಲ. ಹಳೇ ಪೈಪಿನ ಸೋರಿಕೆ, ಕದ್ದ ಕನೆಕ್ಷನ್, ಕೆಟ್ಟ ಮೀಟರ್ ಎಲ್ಲ ಸೇರಿ, ಒಂದು ಕಾಲದಲ್ಲಿ ಅರ್ಧದ ಹತ್ತಿರ ನೀರಿಗೆ ಲೆಕ್ಕವೇ ಇರಲಿಲ್ಲ. ಈಗ ಕಡಿಮೆ ಆಗಿದೆ, ಆದರೂ ಕಾಲು ಭಾಗಕ್ಕಿಂತ ಜಾಸ್ತಿ. ನೆನಪಿಡಿ, ರಸ್ತೆ ಅಡಿಯಲ್ಲಿ ಸೋರಿಹೋಗುವ ಪ್ರತಿ ಬಕೆಟ್ಟೂ ಮೂರು ಕಡೆ ಪಂಪ್ ಆಗಿ, 500 ಮೀಟರ್ ಹತ್ತಿ ಬಂದದ್ದು. ಸೋರುವುದು ನೀರಷ್ಟೇ ಅಲ್ಲ, ಕರೆಂಟೂ ಹೌದು. ಆ ಖರ್ಚನ್ನು ಬಿಲ್ ಕಟ್ಟುವವರ ಮೇಲೇ ಹೇರುತ್ತಾ ಹೋದರೆ ಅದು ನ್ಯಾಯವಲ್ಲ. ದಿನ ಬಿಟ್ಟು ದಿನ ನೀರು ಬಿಡುವುದರಿಂದ ಇನ್ನೊಂದು ಕಾಟವಿದೆ. ಖಾಲಿ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ವಾಲ್ವ್ ತಿರುಗಿಸಿದ ಕೂಡಲೇ ಮೊದಲು ಗಾಳಿ ನುಗ್ಗುತ್ತದೆ, ಮೀಟರ್ ಗಿರ್ರನೆ ಸುತ್ತುತ್ತದೆ. "ಗಾಳಿಗೂ ಬಿಲ್ಲು" ಅಂತ ಜನ ಬೈಯುವುದು ಬರೀ ತಮಾಷೆಗಲ್ಲ.

ನಿಮ್ಮ ಕೈಯಲ್ಲಿರುವುದನ್ನೂ ಒಂದು ಸಲ ನೋಡಿಕೊಳ್ಳಿ. ಹೋದ ವರ್ಷ ನಮ್ಮ ಮನೆಯ ಬಿಲ್ ಇದ್ದಕ್ಕಿದ್ದಂತೆ ಹೆಚ್ಚೂಕಡಿಮೆ ಎರಡು ಪಟ್ಟಾಯಿತು. ಮೀಟರ್ ಓದಿದವರನ್ನೇ ಬೈದುಕೊಂಡೆ. ನಮ್ಮ ಬೀದಿಗೆ ನೀರು ಬರುವುದು ಬೆಳಗಿನ ಜಾವ ಮೂರಕ್ಕೆ. ಒಂದು ದಿನ ನಿದ್ದೆಗೆಟ್ಟು, ಟಾರ್ಚ್ ಹಿಡಿದು ಮೀಟರ್ ಮುಚ್ಚಳ ತೆಗೆದೆ. ನಾಲ್ಕೂವರೆ ಹೊತ್ತಿಗೆ ಸಂಪು ಗಂಟಲವರೆಗೆ ತುಂಬಿತ್ತು, ಮೀಟರಿನ ಮುಳ್ಳು ಮಾತ್ರ ತಿರುಗುತ್ತಲೇ ಇತ್ತು. ಸಂಪಿನ ಬಾಲ್ ವಾಲ್ವ್ ಕೆಟ್ಟುಹೋಗಿ ನೀರು ನಿಲ್ಲುತ್ತಿರಲಿಲ್ಲ. ಹೆಚ್ಚಾದದ್ದು ಪೈಪಿನಲ್ಲಿ ನೇರ ಚರಂಡಿ ಚೇಂಬರಿಗೆ ಇಳಿಯುತ್ತಿದ್ದರಿಂದ ಅಂಗಳದಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ. ಪ್ಲಂಬರ್ ಬಂದು ಅರ್ಧ ಗಂಟೆಯಲ್ಲಿ ವಾಲ್ವ್ ಬದಲಿಸಿಕೊಟ್ಟ. ಮುಂದಿನ ತಿಂಗಳು ಬಿಲ್ ಮತ್ತೆ ಹಳೇ ಜಾಗಕ್ಕೆ ಬಂತು.