ನೀರು ಹೋಯಿತು, ಗೋಪುರ ವಾಲಿತು

1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನ್ ಹಡಗು ಎಮ್ಡೆನ್‌ನ ಹೆಸರು ನೀವು ಕೇಳಿರಬಹುದು. ಆ ಹಡಗಿಗೆ ಹೆಸರು ಬಂದದ್ದು ಜರ್ಮನಿಯ ವಾಯವ್ಯ ಮೂಲೆಯ ಒಂದು ಬಂದರಿನಿಂದ. ಆ ಎಮ್ಡೆನ್ ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸೂರ್‌ಹೂಸನ್ ಅಂತ ಒಂದು ಹಳ್ಳಿ ಇದೆ. ಈ ಸೀಮೆಗೆ ಪೂರ್ವ ಫ್ರಿಸಿಯಾ ಅಂತ ಹೆಸರು. ಹಳ್ಳಿಯಲ್ಲಿ ಇಟ್ಟಿಗೆಯ ಒಂದು ಹಳೆಯ ಚರ್ಚ್ ಇದೆ. ಅದರ ಗೋಪುರ ನೋಡಿದವರು ಒಂದು ಕ್ಷಣ ಹಿಂದಕ್ಕೆ ಹೆಜ್ಜೆ ಇಡುತ್ತಾರೆ.

ಗೋಪುರದ ಎತ್ತರ 27.37 ಮೀಟರ್. ಅದರ ತುದಿ ಬುಡದಿಂದ 2.47 ಮೀಟರ್ ಆಚೆಗೆ ಚಾಚಿದೆ. ವಾಲಿದ ಕೋನ 5.19 ಡಿಗ್ರಿ. ಜಗತ್ತೆಲ್ಲ ಹೋಗಿ ಫೋಟೊ ತೆಗೆಸಿಕೊಳ್ಳುವ ಪೀಸಾ ಗೋಪುರ ಈಗ ವಾಲಿರುವುದು ಸುಮಾರು 4 ಡಿಗ್ರಿ ಅಷ್ಟೇ. 2007ರಲ್ಲಿ ಗಿನ್ನೆಸ್ ದಾಖಲೆ ಈ ಹಳ್ಳಿಗೆ ಸಿಕ್ಕಿತು. ಆಮೇಲೆ ಜರ್ಮನಿಯದೇ ಇನ್ನೊಂದು ಹಳ್ಳಿಯ ಗೋಪುರ ಅದನ್ನು ಮುರಿಯಿತು. ನನಗೆ ದಾಖಲೆಗಿಂತ ಜಾಸ್ತಿ ಮುಖ್ಯ ಅನ್ನಿಸುವುದು ಅದು ವಾಲಿದ ಕಾರಣ.

ಯಾಕೆ ವಾಲಿತು ಅಂತ ಯಾರನ್ನಾದರೂ ಕೇಳಿ ನೋಡಿ. "ಜೌಗು ನೆಲ, ಮರದ ಪಾಯ, ನೀರಲ್ಲಿ ಮರ ಕೊಳೆತುಹೋಗಿದೆ" ಅನ್ನುತ್ತಾರೆ. ಮೊದಲ ಎರಡು ಮಾತು ನಿಜ. ಮೂರನೆಯದು ಪೂರ್ತಿ ಉಲ್ಟಾ. ಮರ ಕೊಳೆತದ್ದು ನೀರು ಇದ್ದದ್ದಕ್ಕಲ್ಲ, ನೀರನ್ನು ತೆಗೆದದ್ದಕ್ಕೆ.

ಈ ನೆಲದ ಕಥೆ ಬಹಳ ಹಳೆಯದು. ಕ್ರಿ.ಶ. 1ನೇ ಶತಮಾನದಲ್ಲಿ ರೋಮಿನ ಪ್ಲಿನಿ ಈ ಕರಾವಳಿಯನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ನುಗ್ಗುತ್ತದೆ. ಜನ ಮಣ್ಣಿನ ದಿಬ್ಬ ಕಟ್ಟಿಕೊಂಡು ಅದರ ಮೇಲೆ ಗುಡಿಸಲು ಹಾಕಿಕೊಂಡಿದ್ದಾರೆ. ಉಬ್ಬರ ಬಂದಾಗ ಅವರು ಹಡಗಿನಲ್ಲಿ ಕೂತವರಂತೆ ಕಾಣುತ್ತಾರೆ, ಇಳಿತದಲ್ಲಿ ಹಡಗು ಒಡೆದು ದಡಕ್ಕೆ ಬಿದ್ದವರಂತೆ. ಕುಡಿಯಲು ಮನೆಮುಂದಿನ ಗುಂಡಿಯಲ್ಲಿ ಹಿಡಿದ ಮಳೆನೀರು. ಒಲೆಗೆ, ಕೈಯಲ್ಲಿ ತೆಗೆದು ಗಾಳಿಗೆ ಒಣಗಿಸಿದ ಕೆಸರು! ಈ ಕೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಸುಮಾರು 1000ನೇ ಇಸವಿಯ ಹೊತ್ತಿಗೆ ಜನ ಸಮುದ್ರಕ್ಕೆ ಅಡ್ಡವಾಗಿ ಒಡ್ಡು ಕಟ್ಟಲು ಶುರುಮಾಡಿದರು. ಹೊಲ ಸಿಕ್ಕಿತು, ದನ ಹೆಚ್ಚಿತು, ಕೈಯಲ್ಲಿ ದುಡ್ಡು ಓಡಾಡಿತು. ಯುರೋಪಿನ ಬೇರೆ ಕಡೆ ಇದ್ದಂಥ ದೊಡ್ಡ ಜಮೀನ್ದಾರರ ಹಿಡಿತ ಇಲ್ಲಿ ಇರಲಿಲ್ಲ. ಆವುರಿಖ್ ಊರಿನ ಹತ್ತಿರ ಉಪ್‌ಸ್ಟಾಲ್ಸ್‌ಬೂಮ್ ಅನ್ನುವ ಜಾಗದಲ್ಲಿ ಫ್ರಿಸಿಯನ್ ಸೀಮೆಗಳ ಪ್ರತಿನಿಧಿಗಳು ಸಭೆ ಸೇರುತ್ತಿದ್ದರು. ಹಾಗಾಗಿ ಹಳ್ಳಿಯವರೇ ತಮ್ಮ ಚರ್ಚು ಕಟ್ಟಿಕೊಂಡರು. ದಿಬ್ಬದ ಅತಿ ಎತ್ತರದ ಜಾಗ ಚರ್ಚಿಗೆ, ಸುತ್ತ ಸಮಾಧಿಗಳು. ಪ್ರವಾಹ ಬಂದಾಗ ಜನ ಓಡಿ ಬರುತ್ತಿದ್ದದ್ದೂ ಅಲ್ಲಿಗೇ. 1362ರ ಜನವರಿಯ ಬಿರುಗಾಳಿ ಪ್ರವಾಹದಂಥದ್ದು ಬಂದಾಗ ಓಡಲು ಬೇರೆ ಜಾಗ ತಾನೇ ಎಲ್ಲಿತ್ತು?

ಈ ಕರಾವಳಿಯಲ್ಲಿ ಕಟ್ಟಡಕ್ಕೆ ಬೇಕಾದ ಕಲ್ಲು ಸಿಗುವುದಿಲ್ಲ. ಮೊದಮೊದಲು ರೈನ್ ನದಿಯ ದಾರಿಯಲ್ಲಿ ದೂರದ ಐಫೆಲ್ ಬೆಟ್ಟಗಳಿಂದ ಜ್ವಾಲಾಮುಖಿ ಬೂದಿಯ ಹಗುರ ಕಲ್ಲನ್ನು ದೋಣಿಯಲ್ಲಿ ತರಿಸುತ್ತಿದ್ದರು. ಆಮೇಲೆ ಇಟ್ಟಿಗೆ ಸುಡುವುದನ್ನು ಕಲಿತರು. ಜೇಡಿಮಣ್ಣು ಕಾಲಡಿಯಲ್ಲೇ ಇತ್ತಲ್ಲ! 13ನೇ ಶತಮಾನದಲ್ಲಿ ಊರಿಂದೂರಿಗೆ ಇಟ್ಟಿಗೆಯ ಚರ್ಚುಗಳೆದ್ದವು. ಸೂರ್‌ಹೂಸನ್ ಚರ್ಚೂ ಆ ಶತಮಾನದ ನಡುವಿನದು. ದಪ್ಪ ಗೋಡೆಯ ಉದ್ದನೆಯ ಒಂದೇ ಹಜಾರ, ಸರಳ ರೂಪ.

ಆ ಕಾಲದ ಗಾರೆಯವರಿಗೆ ಮೆತ್ತನೆಯ ನೆಲದ ಗುಣ ಚೆನ್ನಾಗಿ ಗೊತ್ತಿತ್ತು. ಪೂರ್ವ ಫ್ರಿಸಿಯಾದ ಎಷ್ಟೋ ಹಳ್ಳಿಗಳಲ್ಲಿ ಗಂಟೆಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ. ಪಕ್ಕದಲ್ಲಿ, ಬೇರೆಯಾಗಿ, ಗಿಡ್ಡಕ್ಕೆ ನಿಂತಿದೆ. ದೊಡ್ಡ ಗಂಟೆ ತೂಗುವಾಗ ಗೋಪುರ ನಡುಗುತ್ತದೆ. ಅದು ಕುಸಿದರೂ ಚರ್ಚಿನ ಗೋಡೆ ಹರಿಯಬಾರದು ಅನ್ನುವ ಲೆಕ್ಕ. ಸೂರ್‌ಹೂಸನ್‌ನಲ್ಲಿ ಮಾತ್ರ 1450ರಲ್ಲಿ ಚರ್ಚಿನ ಪಶ್ಚಿಮದ ಭಾಗವನ್ನು ಸ್ವಲ್ಪ ಮೊಟಕು ಮಾಡಿ, ಅಲ್ಲೇ ಗೋಪುರ ಎಬ್ಬಿಸಿದರು. ಅಡಿಯಲ್ಲಿ ಓಕ್ ಮರದ ದಿಮ್ಮಿಗಳನ್ನು ಹಾಸಿದರು. ಆ ದಿಮ್ಮಿಗಳು ಅಂತರ್ಜಲದಲ್ಲಿ ಮುಳುಗಿದ್ದವು.

ಇದನ್ನು ಹಳಬರ ಅಜ್ಞಾನ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಅದು ಅಜ್ಞಾನವಲ್ಲ, ಅನುಭವದ ಜ್ಞಾನ. ಆಮ್‌ಸ್ಟರ್‌ಡ್ಯಾಮಿನ ಡ್ಯಾಮ್ ಚೌಕದ ಅರಮನೆ 17ನೇ ಶತಮಾನದಿಂದ ನಿಂತಿರುವುದು 13,659 ಮರದ ಕಂಬಗಳ ಮೇಲೆ. ವೆನಿಸ್ ನಗರ ನಿಂತಿರುವುದೂ ಮರದ ಮೇಲೆಯೇ.

ನೀರಲ್ಲಿ ಮರ ಯಾಕೆ ಕೊಳೆಯುವುದಿಲ್ಲ? ಉಪ್ಪಿನಕಾಯಿ ಜಾಡಿ ನೆನಪಿಸಿಕೊಳ್ಳಿ. ಹೋಳುಗಳ ಮೇಲೆ ಎಣ್ಣೆ ನಿಂತಿರಬೇಕು ಅಂತ ಅಜ್ಜಿ ಹೇಳುತ್ತಿದ್ದರು, ಅಲ್ವಾ? ಎಣ್ಣೆಯಿಂದ ತಲೆ ಹೊರಗೆ ಹಾಕಿದ ಹೋಳಿಗೇ ಮೊದಲು ಬೂಷ್ಟು. ಬೂಷ್ಟಿಗೆ ಗಾಳಿ ಬೇಕು. ಮರವನ್ನು ತಿನ್ನುವ ಶಿಲೀಂಧ್ರಗಳೂ ಅದೇ ಬಳಗದವು.

ಇನ್ನೂ ಒಂದು ರೀತಿಯಲ್ಲಿ ಹೇಳುತ್ತೇನೆ. ಮರ ಕೊಳೆಯುವುದು ಅಂದರೆ ಬಹಳ ನಿಧಾನವಾದ ಬೆಂಕಿ. ಒಲೆಯಲ್ಲಿ ಸೌದೆಯ ಇಂಗಾಲ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಶಿಲೀಂಧ್ರದ ಹೊಟ್ಟೆಯಲ್ಲಿ ಆಗುವುದೂ ಕೊನೆಗೆ ಅದೇ, ಜ್ವಾಲೆ ಇಲ್ಲದೆ, ವರ್ಷಗಟ್ಟಲೆ. ಮರದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಕಬ್ಬಿಣದ ಸರಳಿನಂತೆ, ಲಿಗ್ನಿನ್ ಅದರ ಸುತ್ತಲಿನ ಕಾಂಕ್ರೀಟಿನಂತೆ. ಆ ಲಿಗ್ನಿನ್ ಒಡೆಯಲು ಶಿಲೀಂಧ್ರಕ್ಕೆ ಆಮ್ಲಜನಕ ಬೇಕೇ ಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಒಂದು ಲೀಟರ್ ತಣ್ಣನೆ ನೀರಲ್ಲಿ ಕರಗುವುದು 10 ಮಿಲಿಗ್ರಾಂ ಆಸುಪಾಸು. ಅದೂ ನೀರೊಳಗೆ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೇಲೆಯೇ ಮುಗಿಸಿಬಿಡುತ್ತವೆ. ಆಳದ ದಿಮ್ಮಿಗೆ ಏನೂ ತಲುಪುವುದಿಲ್ಲ. ಆಮ್ಲಜನಕ ತೀರಾ ಕಡಿಮೆ ಇದ್ದರೂ ಮರ ಕೊರೆಯುವ ಬ್ಯಾಕ್ಟೀರಿಯಾಗಳು ಇವೆ, ನಿಜ. ಆದರೆ ಅವುಗಳ ಕೆಲಸ ಬಹಳ ನಿಧಾನ.

ಹಾಗಂತ ಪೂರ್ತಿ ಒಣಗಿದ ಮರವೂ ಕೊಳೆಯುವುದಿಲ್ಲ. ನೀರೂ ಇರಬೇಕು, ಗಾಳಿಯೂ ಇರಬೇಕು. ಬೇಲಿಯ ಹಳೆ ಗೂಟ ಕಿತ್ತು ನೋಡಿ. ಅದು ಮುರಿಯುವುದು ನೆಲಮಟ್ಟದಲ್ಲಿ, ತೇವ ಮತ್ತು ಗಾಳಿ ಎರಡೂ ಸಿಗುವ ಆ ಒಂದು ಗೇಣಿನಲ್ಲಿ.

ಈಗ ಪ್ಲಿನಿಯ ಕೆಸರಿಗೆ ಬರೋಣ. ಅದು ಪೀಟ್. ಸತ್ತ ಗಿಡಗಳು ಜೌಗಿನಲ್ಲಿ ಮುಳುಗಿ, ಗಾಳಿ ಸಿಗದೆ, ಪೂರ್ತಿ ಕೊಳೆಯದೆ ಉಳಿದ ಮಣ್ಣು. ಕೊಳೆಯದೆ ಉಳಿದದ್ದಕ್ಕೇ ಅದು ಒಲೆಯಲ್ಲಿ ಉರಿಯುತ್ತಿತ್ತು. ಗೋಪುರದ ಓಕ್ ದಿಮ್ಮಿಗಳನ್ನು ಕಾಪಾಡಿದ ನಿಯಮವೇ ಅವರ ಒಲೆಯನ್ನೂ ಉರಿಸಿತ್ತು.

ಸುಮಾರು 400 ವರ್ಷ ದಿಮ್ಮಿಗಳು ಗೋಪುರವನ್ನು ಹೊತ್ತವು. 19ನೇ ಶತಮಾನದಲ್ಲಿ ಸುತ್ತಲಿನ ಜೌಗು ನೆಲದ ನೀರನ್ನು ಬಸಿದರು. ಕೃಷಿಗೆ ಅದು ಬೇಕಿತ್ತು, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಅಂತರ್ಜಲ ಇಳಿಯಿತು. ದಿಮ್ಮಿಗಳು ಬೇಲಿಗೂಟದ ಆ ಗೇಣಿನ ಸ್ಥಿತಿಗೆ ಬಂದವು. ಶಿಲೀಂಧ್ರ ಹೊಕ್ಕಿತು.

ಆಮೇಲೆ ಒಂದು ವಿಷವರ್ತುಲ. ಒಂದು ಬದಿ ಚೂರು ಕುಸಿಯಿತು ಅಂದರೆ ಗೋಪುರದ ಭಾರ ಆ ಬದಿಗೇ ಜಾಸ್ತಿ ಬೀಳುತ್ತದೆ. ಜಾಸ್ತಿ ಭಾರಕ್ಕೆ ಇನ್ನಷ್ಟು ಕುಸಿತ. ಒಂದು ಬದಿಗೆ ಜರುಗಿದ ಎತ್ತಿನಗಾಡಿಯ ಹುಲ್ಲಿನ ಹೇರಿನಂತೆ. ಹಾಗಾದರೆ ಬೀಳಲಿಲ್ಲ ಯಾಕೆ? ತುದಿ ಎರಡೂವರೆ ಮೀಟರ್ ಸರಿದಿದ್ದರೂ, ಭಾರದ ಕೇಂದ್ರ ಇರುವುದು ಅರ್ಧ ಎತ್ತರದ ಆಸುಪಾಸಿನಲ್ಲಿ. ಅದು ಸರಿದಿರುವುದು ಸುಮಾರು ಒಂದೂಕಾಲು ಮೀಟರ್. ಬುಡ ಅದಕ್ಕಿಂತ ಎಷ್ಟೋ ಅಗಲ. ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಇನ್ನೂ ಬುಡದೊಳಗೇ ಬೀಳುತ್ತದೆ. ಇದರಲ್ಲಿ ಪವಾಡ ಇಲ್ಲ. ಆದರೆ ಸುಮ್ನೆ ಬಿಟ್ಟರೆ ದಾರ ಹೊರಗೆ ಹೋಗುವ ಮುಂಚೆಯೇ ವಾಲಿದ ಬದಿಯ ನೆಲವೋ ಇಟ್ಟಿಗೆಯೋ ಸೋತೀತು. 1975ರಲ್ಲಿ ಅಪಾಯ ಅಂತ ಚರ್ಚು ಮುಚ್ಚಿದರು. ತಳ ಗಟ್ಟಿಮಾಡಿ 1985ರಲ್ಲಿ ಮತ್ತೆ ತೆರೆದರು.

ಇದೇ ಚಿಂತೆ ನೆದರ್‌ಲ್ಯಾಂಡ್ಸ್‌ನ ಹಳೆ ಊರುಗಳಲ್ಲಿ ಇವತ್ತೂ ಇದೆ. 2018ರಂಥ ಒಣ ಬೇಸಿಗೆ ಬಂದರೆ ಅಂತರ್ಜಲ ಇಳಿದು ಕಂಬಗಳ ತಲೆ ಗಾಳಿಗೆ ಬೀಳುತ್ತದೆ. ಅದಕ್ಕಾಗಿ ಬೀದಿಬದಿಯಲ್ಲಿ ನೆಲಕ್ಕೆ ಕೊಳವೆ ಇಳಿಸಿಟ್ಟಿದ್ದಾರೆ. ಅದರಲ್ಲಿ ನೀರಿನ ಮಟ್ಟ ಅಳೆಯುತ್ತಾರೆ, ಕಂಬದ ತಲೆ ಇನ್ನೂ ಮುಳುಗಿದೆಯೇ ಅಂತ.