ಶುರುವಾದ ಒತ್ತಡ ನಿಂತಿತೋ ಇಲ್ಲವೋ? – ಒಂದು ಅಧ್ಯಯನ ಟಿಪ್ಪಣಿ

ಬಸ್ ತಪ್ಪಿದರೂ ಟೆನ್ಷನ್, ವರ್ಷಗಟ್ಟಲೆ ತೀರದ ಸಾಲಕ್ಕೂ ಟೆನ್ಷನ್. ಪದ ಒಂದೇ ಆದರೂ ದೇಹಕ್ಕೆ ಇವೆರಡೂ ಬೇರೆ ಬೇರೆ. ಒತ್ತಡದ ಬಗೆಗಳ ಪಟ್ಟಿಯನ್ನು ನಾನು ಮೊದಲು ಸುಮ್ನೆ ಬಾಯಿಪಾಠ ಮಾಡಿದ್ದೆ. ಒಂದೂ ತಲೆಯಲ್ಲಿ ಉಳಿಯಲಿಲ್ಲ. ಆಮೇಲೆ ಪ್ರತಿ ಬಗೆಗೂ ಒಂದೇ ಪ್ರಶ್ನೆ ಕೇಳಿಕೊಂಡೆ: ಶುರುವಾದದ್ದು ನಿಂತಿತೋ ಇಲ್ಲವೋ? ಆಗ ಅರ್ಥವಾಯಿತು.

ಮೊದಲಿಗೆ ತಕ್ಷಣದ ಒತ್ತಡ. ರಸ್ತೆ ದಾಟುವಾಗ ಲಾರಿಯೊಂದು ಪಕ್ಕದಲ್ಲೇ ಹಾರ್ನ್ ಹೊಡೆಯಿತು ಅಂದುಕೊಳ್ಳಿ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗಳು ಸೆಕೆಂಡುಗಳಲ್ಲೇ ಅಡ್ರಿನಾಲಿನ್ ಬಿಡುತ್ತವೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ಲಿವರ್‌ನಲ್ಲಿದ್ದ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ. ಜೀರ್ಣಕ್ರಿಯೆ ಮಾತ್ರ ನಿಧಾನವಾಗುತ್ತದೆ. ಓಡಬೇಕಾದ ಹೊತ್ತಿನಲ್ಲಿ ಊಟ ಅರಗಿಸುತ್ತಾ ಕೂರುವುದು ಯಾರಿಗೆ ಬೇಕು, ಅಲ್ವಾ? ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ವಿವರಿಸಿದ 'ಹೋರಾಡು ಇಲ್ಲವೇ ಓಡು' ಪ್ರತಿಕ್ರಿಯೆ ಇದೇ. ಲಾರಿ ಹೋದ ಸ್ವಲ್ಪ ಹೊತ್ತಿಗೆ ಎಲ್ಲ ಮಾಮೂಲಿಗೆ ಬರುತ್ತದೆ. ಆರೋಗ್ಯವಾಗಿರುವವರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಮಾತ್ರ ಇಂಥ ಗಳಿಗೆಯೂ ಅಪಾಯ ತರಬಹುದು.

ಅಡ್ರಿನಾಲಿನ್ ಹಿಂದೆಯೇ, ಆದರೆ ನಿಧಾನವಾಗಿ, ಅಡ್ರಿನಲ್‌ನದೇ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ಬರುತ್ತದೆ. ಮೆದುಳಿನ ಹೈಪೋಥಾಲಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ. ಈ ಸರಪಳಿಯನ್ನು ಚಿತ್ರ ಬರೆದೇ ಕಲಿಯಿರಿ, ಕೊನೆಯ ಬಾಣ ಮರೆಯಬೇಡಿ: ಕಾರ್ಟಿಸಾಲ್ ಏರಿದಾಗ ಅದೇ ಮೆದುಳಿಗೆ ಹೋಗಿ 'ಸಾಕು ನಿಲ್ಲಿಸು' ಅನ್ನುತ್ತದೆ. ಕಾರ್ಟಿಸಾಲ್ ವಿಷವೇನಲ್ಲ. ದಿನಾ ಬೆಳಿಗ್ಗೆ ಏಳುವ ಹೊತ್ತಿಗೆ ಅದು ಜಾಸ್ತಿಯಿರುತ್ತದೆ, ನಡುರಾತ್ರಿಯ ಸುಮಾರಿಗೆ ತೀರಾ ಕಡಿಮೆ.

ಆ 'ಸಾಕು' ನಾಟದೆ ಹೋದರೆ ಅದು ದೀರ್ಘಕಾಲದ ಒತ್ತಡ. ಹಣದ ಚಿಂತೆ, ಮನೆಯಲ್ಲಿ ಮುಗಿಯದ ಜಗಳ, ಹಾಸಿಗೆ ಹಿಡಿದವರ ಆರೈಕೆ, ಇಂಥವು. ನಿದ್ದೆ ಕೆಡುತ್ತದೆ, ಬಿಪಿ ಮತ್ತು ಶುಗರ್ ಏರುವ ಸಾಧ್ಯತೆ ಹೆಚ್ಚುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ.

ರೋಗನಿರೋಧಕ ಶಕ್ತಿಯ ಕಥೆ ಇನ್ನೂ ಸ್ವಾರಸ್ಯದ್ದು. ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಶೀತದ ವೈರಸ್ ಹನಿ ಹಾಕಿ ನೋಡಿದರು. 1998ರ ಅವರ ವರದಿಯ ಪ್ರಕಾರ, ಒಂದು ತಿಂಗಳಿಗಿಂತ ಹೆಚ್ಚು ಕಾಲ ಒತ್ತಡದಲ್ಲಿದ್ದವರಿಗೆ ಶೀತ ಹಿಡಿದದ್ದು ಜಾಸ್ತಿ. ತಿಂಗಳೊಳಗಿನ ಒತ್ತಡಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನಮ್ಮಂಥ ವಿದ್ಯಾರ್ಥಿಗಳ ಮೇಲೆಯೇ ನಡೆದದ್ದು. ದಂತವೈದ್ಯ ಓದುತ್ತಿದ್ದ 11 ಜನರ ಅಂಗುಳಲ್ಲಿ 3.5 ಮಿಲಿಮೀಟರ್ ಗಾಯ ಮಾಡಿದರು, ಒಮ್ಮೆ ರಜೆಯಲ್ಲಿ, ಒಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆ ಸಮಯದ ಗಾಯ ಮಾಗಲು ಸರಾಸರಿ ಮೂರು ದಿನ ಹೆಚ್ಚು ಬೇಕಾಯಿತು. ಗಾಯ ಮಾಗಬೇಕಾದರೆ ಮೊದಲು ಸ್ವಲ್ಪ ಉರಿಯೂತ (ಆ ಜಾಗ ಕೆಂಪಾಗಿ ಊದುವುದು) ಬೇಕು. ಕಾರ್ಟಿಸಾಲ್ ಅದನ್ನೇ ತಗ್ಗಿಸುತ್ತದೆ. 11 ಜನ ಅಂದರೆ ಚಿಕ್ಕ ಗುಂಪು, ನಿಜ. ಆದರೆ ಒಬ್ಬರಿಗೂ ರಜೆಯಲ್ಲಿ ಮಾಗಿದಷ್ಟು ಬೇಗ ಮಾಗಲಿಲ್ಲ!

ಮೇಲಿಂದ ಮೇಲೆ ಬರುವ ಬಿಡಿ ಒತ್ತಡ ಎಂಬ ನಡುವಿನ ಬಗೆಯೂ ಇದೆ. ಯಾವಾಗಲೂ ಗಡಿಬಿಡಿಯಲ್ಲೇ ಇರುವವರದು. ಒಂದು ಆರುವ ಮೊದಲೇ ಇನ್ನೊಂದು ಹೊತ್ತಿಕೊಂಡರೆ ಅದನ್ನೂ ದೀರ್ಘಕಾಲದ ಲೆಕ್ಕಕ್ಕೇ ಸೇರಿಸಬಹುದು ಎಂದು ನನಗನ್ನಿಸುತ್ತದೆ.

ಪರೀಕ್ಷೆಗೆ ಒತ್ತಡದ ಸಂಶೋಧಕ ಹ್ಯಾನ್ಸ್ ಸೆಲ್ಯೆ ಹೆಸರು ಬೇಕೇ ಬೇಕು. 1936ರಲ್ಲಿ ಅವರು ಇಲಿಗಳಿಗೆ ಚಳಿ, ಗಾಯ, ಅತಿಯಾದ ದಣಿವು ಹೀಗೆ ಬೇರೆ ಬೇರೆ ಕಷ್ಟ ಕೊಟ್ಟರು. ಪರಿಣಾಮ ಒಂದೇ ಬಗೆಯದಾಗಿತ್ತು: ಅಡ್ರಿನಲ್ ಊದಿತ್ತು, ರೋಗನಿರೋಧಕ ಶಕ್ತಿಗೆ ಬೇಕಾದ ಥೈಮಸ್ ಗ್ರಂಥಿ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಎಚ್ಚರಿಕೆ, ತಾಳಿಕೆ, ಬಳಲಿಕೆ ಎಂಬ ಮೂರು ಹಂತ ಅವರದೇ. ಒಳ್ಳೆಯ ಒತ್ತಡ, ಕೆಟ್ಟ ಒತ್ತಡ ಎಂದು ಬೇರೆ ಮಾಡಿದವರೂ ಅವರೇ. ಇಲಿಯ ಹುಣ್ಣು ನೋಡಿ 'ಮನುಷ್ಯರ ಅಲ್ಸರ್‌ಗೆ ಒತ್ತಡವೇ ಕಾರಣ' ಎಂದು ಮಾತ್ರ ಬರೆಯಬೇಡಿ. ಹೆಚ್ಚಿನ ಅಲ್ಸರ್‌ಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇಲ್ಲವೇ ಕೆಲವು ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಕೆಲಸದ ಒತ್ತಡ ಅಂದರೆ ದೊಡ್ಡ ಹುದ್ದೆಯವರ ನೆನಪೇ ಮೊದಲು ಬರುತ್ತದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನಗಳಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡದ್ದು ಕೆಳಗಿನ ದರ್ಜೆಯವರಲ್ಲಿ. ಧೂಮಪಾನ, ಬಿಪಿಯಂಥ ಕಾರಣಗಳನ್ನು ಲೆಕ್ಕ ಹಿಡಿದರೂ ಆ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ತಮ್ಮ ಕೆಲಸ ಹೇಗೆ, ಯಾವಾಗ ಮಾಡಬೇಕು ಎಂಬುದರಲ್ಲಿ ಅವರ ಮಾತು ನಡೆಯುತ್ತಿದ್ದುದು ಕಡಿಮೆ. ಮೇಲಿನವರು ಒತ್ತಡವನ್ನು ಒಂದಿಷ್ಟಾದರೂ ತಾವೇ ನಿಲ್ಲಿಸಬಲ್ಲರು, ಇವರಿಗೆ ಆ ಅವಕಾಶವಿರಲಿಲ್ಲ.