ಗುರ್ ಅಂದಿದ್ದು ಛಲೋ ಆತು

"ಬಾಲಾ ಅಲ್ಲಾಡಸಾಕತ್ತೈತಲ್ರಿ, ಏನ್ ಮಾಡಂಗಿಲ್ ಬಿಡ್ರಿ" ಎನ್ನುತ್ತ ಹಾಲಿನವನು ಗೇಟಿನ ಚಿಲಕ ತೆಗೆದ. ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಅವನ ಪ್ಯಾಂಟಿನ ಅಂಚು ನಮ್ಮ ನಾಯಿ ಕಾಳ್ಯಾನ ಬಾಯಲ್ಲಿತ್ತು. ಚರ್ಮಕ್ಕೆ ಹಲ್ಲು ತಾಗಲಿಲ್ಲ, ಪುಣ್ಯ. ಒಂದು ಲೀಟರ್ ಹಾಲು ಅಂಗಳಕ್ಕೆ ಹೋಯಿತು, ಅದನ್ನು ನೆಕ್ಕಿ ಮುಗಿಸಿದ್ದೂ ಕಾಳ್ಯಾನೇ.

ಧಾರವಾಡದ ಮಾಳಮಡ್ಡಿಯ ನಮ್ಮ ಹಳೆ ಮನೆಯ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ ನಾನೂ ಆ ಬಾಲವನ್ನು ನೋಡಿದ್ದೆ. ಅಲ್ಲಾಡುತ್ತಿದ್ದದ್ದು ಖರೆ. ಹೇಗೆ ಅಲ್ಲಾಡುತ್ತಿತ್ತು ಎಂಬುದು ಮಾತ್ರ ನಮ್ಮಿಬ್ಬರ ತಲೆಗೂ ಹೋಗಿರಲಿಲ್ಲ. ಬಾಲ ನೆಟ್ಟಗೆ ಮೇಲೆದ್ದಿತ್ತು. ಅದರ ತುದಿಯಷ್ಟೇ ಸಣ್ಣಗೆ, ಚುರುಕಾಗಿ ನಡುಗುತ್ತಿತ್ತು. ಸೊಂಟ, ಬೆನ್ನು, ಕುತ್ತಿಗೆ ಕಲ್ಲಿನಂತೆ ಸೆಟೆದಿದ್ದವು. ಅಲ್ಲಿಯವರೆಗೆ ತೆರೆದಿದ್ದ ಬಾಯಿ ಟಪ್ಪನೆ ಮುಚ್ಚಿತ್ತು. ಅವ್ವ ಬೆಳಿಗ್ಗೆ ರೊಟ್ಟಿ ಬುಟ್ಟಿ ಹಿಡಿದು ಹೊರಗೆ ಬಂದಾಗಲೂ ಇದೇ ಕಾಳ್ಯಾ ಬಾಲ ಆಡಿಸುತ್ತಾನೆ. ಆದರೆ ಆಗ ಬಾಲದ ಜೊತೆ ಸೊಂಟ ಕುಣಿಯುತ್ತದೆ, ಸೊಂಟದ ಜೊತೆ ಅರ್ಧ ಮೈ ಕುಣಿಯುತ್ತದೆ. ಎರಡಕ್ಕೂ ನಾವು ಇಟ್ಟಿರುವ ಹೆಸರು ಒಂದೇ: ಬಾಲ ಅಲ್ಲಾಡಿಸುವುದು.

ಬಾಲ ಅಲ್ಲಾಡುವುದೆಂದರೆ ನಾಯಿಯ ಮನಸ್ಸು ಕದಲಿದೆ ಎಂದಷ್ಟೇ ಅರ್ಥ. ಯಾವ ದಿಕ್ಕಿಗೆ ಕದಲಿದೆ ಎಂಬುದು ಬೇರೆ ಮಾತು. ದಿಕ್ಕು ಎಂದದ್ದಕ್ಕೆ ಕಾರಣವಿದೆ. ಇಟಲಿಯ ಬಾರಿ ಮತ್ತು ತ್ರಿಯೆಸ್ತೆ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2007ರಲ್ಲಿ 30 ಸಾಕುನಾಯಿಗಳಿಗೆ ಒಂದೊಂದಾಗಿ ಅವುಗಳ ಒಡೆಯರನ್ನು, ಗುರುತಿಲ್ಲದ ಮನುಷ್ಯನನ್ನು, ಬೆಕ್ಕನ್ನು, ಗುರುತಿಲ್ಲದ ಜೋರಿನ ನಾಯಿಯೊಂದನ್ನು ತೋರಿಸಿ, ಬಾಲದ ಓಲಾಟವನ್ನು ಮೇಲಿನಿಂದ ವಿಡಿಯೋ ಮಾಡಿ ಅಳೆದರು. ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲುತ್ತಿತ್ತು. ಆ ಜೋರಿನ ನಾಯಿಯನ್ನು ಕಂಡಾಗ ಎಡಗಡೆಗೆ. ನಮ್ಮ ಹಾಗೆಯೇ ನಾಯಿಯಲ್ಲೂ ಮೈಯ ಬಲಭಾಗದ ಸ್ನಾಯುಗಳನ್ನು ಮಿದುಳಿನ ಎಡಭಾಗ ನಡೆಸುತ್ತದೆ, ಎಡಭಾಗವನ್ನು ಬಲಭಾಗ. ಹತ್ತಿರ ಹೋಗೋಣ ಎನ್ನಿಸುವ ಭಾವನೆಗಳಿಗೆ ಎಡ ಮಿದುಳು, ದೂರ ಸರಿಯೋಣ ಎನ್ನಿಸುವುದಕ್ಕೆ ಬಲ ಮಿದುಳು ಹೆಚ್ಚು ಚುರುಕಾಗುತ್ತದೆ ಎಂಬುದು ಅವರ ವಿವರಣೆ. 2013ರಲ್ಲಿ ಅದೇ ಗುಂಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಡಕ್ಕೆ ವಾಲುವ ಬಾಲದ ವಿಡಿಯೋ ನೋಡಿದ ನಾಯಿಗಳ ಎದೆಬಡಿತ ಏರಿತು, ಅವು ಚಡಪಡಿಸಿದವು. ಬಲಕ್ಕೆ ವಾಲುವುದನ್ನು ನೋಡಿದವು ಹಾಯಾಗಿದ್ದವು. ನಮಗೆ ಕಾಣದ್ದು ಅವುಗಳಿಗೆ ಕಾಣುತ್ತದೆ.

ಇದನ್ನು ಓದಿದ ಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಮಾಳಿಗೆಯ ಮೇಲಿಂದ ಮೊಬೈಲಿನಲ್ಲಿ ಕಾಳ್ಯಾನ ಸ್ಲೋ ಮೋಷನ್ ವಿಡಿಯೋ ತೆಗೆದೆ. ಕೆಲಸಕ್ಕೆ ಬರಲಿಲ್ಲ. ಬೀದಿಯ ರಕ್ತ, ಬಾಲ ಬೆನ್ನಿನ ಮೇಲೆ ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ, ಅದರಲ್ಲಿ ಎಡಬಲ ಎಲ್ಲಿ ಹುಡುಕುವುದು! ಮನೆಯ ಇನ್ನೊಂದು ನಾಯಿ ಚಂದ್ರಿಯನ್ನು ರಾಣೆಬೆನ್ನೂರಿನ ಕಡೆಯ ಕುರಿಗಾರರಿಂದ ತಂದದ್ದು, ಮುಧೋಳ ತಳಿಯ ಛಾಯೆ ಇರುವ ತೆಳ್ಳಗಿನ ಹೆಣ್ಣು. ಉದ್ದ ಬಾಲ ಸದಾ ಕೆಳಗೇ ಜೋತಿರುತ್ತದೆ. ಮೊದಲ ಆರು ತಿಂಗಳು ಅದು ಹೆದರಿದೆ ಎಂದೇ ನಾವು ತಿಳಿದಿದ್ದೆವು. ಹೆದರಿರಲಿಲ್ಲ, ಅದು ಇರುವುದೇ ಹಾಗೆ. ಹಾಗಾಗಿ ಬಾಲದ ಭಾಷೆ ಕಲಿಯಬೇಕೆಂದರೆ ಮೊದಲು ನಿಮ್ಮ ನಾಯಿ ಆರಾಮಾಗಿ ಇರುವಾಗ ಬಾಲ ಎಲ್ಲಿರುತ್ತದೆ ಎಂದು ನೋಡಿಟ್ಟುಕೊಳ್ಳಬೇಕು. ಅಲ್ಲಿಂದ ಮೇಲೇರಿದರೆ ಒಂದು ಸುದ್ದಿ, ಕೆಳಗಿಳಿದರೆ ಇನ್ನೊಂದು. (ಕಾಳ್ಯಾ ಎಂದು ಕರೆದದ್ದು ಬಣ್ಣ ನೋಡಿ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಬೇಟೆನಾಯಿಯ ಹೆಸರು ಕಾಳಿ ಎಂದು ತಿಳಿದದ್ದು ಆಮೇಲೆ. ನಮ್ಮ ಕಾಳ್ಯಾ ಹಂದಿ ಕಂಡರೆ ಮಂಚದ ಕೆಳಗಿರುತ್ತಾನೆ.)

ನಾನು ನಿಜಕ್ಕೂ ಹೇಳಬೇಕಾದದ್ದು ಬಾಲದ ಬಗ್ಗೆ ಅಲ್ಲ, ಚಂದ್ರಿಯ ಗುರುಗುಡುವಿಕೆಯ ಬಗ್ಗೆ.

ಹುಬ್ಬಳ್ಳಿಯಿಂದ ಅಣ್ಣನ ಮಗ ಸೂಟಿಗೆ ಬಂದಿದ್ದ, ಏಳು ವರ್ಷದವನು. ಮಕ್ಕಳ ಪ್ರೀತಿ ಎಂದರೆ ಅಪ್ಪುಗೆ. ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಚಂದ್ರಿಯ ಕುತ್ತಿಗೆಗೆ ಎರಡೂ ಕೈ ಹಾಕಿ ತಬ್ಬಿಕೊಂಡ. ಚಂದ್ರಿ ಗುರ್ ಎಂದಿತು. ನಾನು ಎದ್ದು ಹೋಗಿ "ಏಯ್! ಮನೀ ಹುಡುಗನ ಮ್ಯಾಲೆ ಗುರ್ ಅಂತೀ?" ಎಂದು ಬಯ್ದು, ಮೂತಿಗೆ ಸಣ್ಣದೊಂದು ಏಟು ಕೊಟ್ಟೆ. ಮರುದಿನ ಹಾಗೇ ತಬ್ಬಿದ, ಹಾಗೇ ಗುರ್ ಎಂದಿತು, ಮತ್ತೆ ಬಯ್ದೆ. ಮೂರನೆಯ ದಿನ ಗುರ್ ಎನ್ನಲಿಲ್ಲ. "ನೋಡ್ರಿ, ಬುದ್ಧಿ ಬಂತು" ಎಂದು ಅತ್ತಿಗೆಗೆ ಹೇಳಿ ಬೀಗಿದೆ. ನಾಲ್ಕನೆಯ ದಿನ ಸದ್ದಿಲ್ಲದೆ ತಿರುಗಿ ಹುಡುಗನ ಮುಂಗೈಗೆ ಬಾಯಿ ಹಾಕಿತು.

ಎರಡು ಹಲ್ಲಿನ ಗೀರು, ಸ್ವಲ್ಪ ರಕ್ತ. ಚಂದ್ರಿಗೆ ವರ್ಷವರ್ಷ ರೇಬೀಸ್ ಲಸಿಕೆ ಹಾಕಿಸಿದ್ದೆವು. ಆದರೂ ನಳದ ನೀರು ಬಿಟ್ಟು, ಸಾಬೂನು ಹಚ್ಚಿ, ಗಡಿಯಾರ ನೋಡಿ 15 ನಿಮಿಷ ತೊಳೆದು ದವಾಖಾನೆಗೆ ಒಯ್ದೆವು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಮನೆಯ ನಾಯಿ ಎಂಬ ಸಲುಗೆ ಅಲ್ಲಿ ನಡೆಯುವುದಿಲ್ಲ.

ಚಂದ್ರಿಯನ್ನು ನೋಡಿದ ಪಶುವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: "ಕಡಿಯೂಕಿಂತ ಮೊದ್ಲ ಎಷ್ಟ್ ಸಲಾ ಬ್ಯಾಡಾ ಅಂದಿತ್ರಿ?" ಎರಡು ಸಲ ಗುರ್ ಎಂದಿತ್ತು ಎಂದೆ. ಅವರು ನಕ್ಕರು. ಆ ನಗುವಿನ ಅರ್ಥ ಮನೆಗೆ ಬಂದು, ಅತ್ತಿಗೆ ಮೊದಲ ದಿನ ತೆಗೆದಿದ್ದ ವಿಡಿಯೋವನ್ನು ನಿಧಾನಕ್ಕೆ ಓಡಿಸಿ ನೋಡಿದಾಗ ತಿಳಿಯಿತು. ಹುಡುಗ ಬಗ್ಗುತ್ತಿದ್ದ ಹಾಗೆ ಚಂದ್ರಿ ಮುಖ ಗೋಡೆಯ ಕಡೆ ತಿರುಗಿಸಿದೆ. ನಾಲಿಗೆ ಒಮ್ಮೆ ಮೂಗಿನ ತುದಿ ಸವರಿ ಒಳಗೆ ಹೋಗಿದೆ, ಎದುರಿಗೆ ತಿನ್ನಲು ಏನೂ ಇಲ್ಲ. ಆಕಳಿಸಿದೆ, ನಿದ್ದೆ ಬಂದಿಲ್ಲ. ಕೈ ಕುತ್ತಿಗೆಗೆ ಬಿದ್ದಾಗ ಕಿವಿ ಹಿಂದಕ್ಕೆ ಅಂಟಿವೆ, ಮುಖ ಅತ್ತ ಇದ್ದರೂ ಕಣ್ಣುಗುಡ್ಡೆ ಇತ್ತ ಹೊರಳಿ ಬಿಳಿಭಾಗ ಬಿದಿಗೆ ಚಂದ್ರನಂತೆ ಕಾಣುತ್ತಿದೆ. ಆಮೇಲೆ ಒಂದು ಕ್ಷಣ ಉಸಿರೇ ನಿಂತಂತೆ ಇಡೀ ಮೈ ಸ್ತಬ್ಧ. ಗುರ್ ಎಂದದ್ದು ಅದಾದ ಮೇಲೆ. ಐದು ಸಲ ಮೆಲ್ಲಗೆ ಹೇಳಿ, ಆರನೆಯ ಸಲ ದನಿ ತೆಗೆದಿತ್ತು. ಆ ದನಿಯನ್ನೂ ನಾನೇ ಕಿತ್ತುಕೊಂಡಿದ್ದೆ.

ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಆಕಳಿಸುವುದು, ಇದ್ದಕ್ಕಿದ್ದಂತೆ ನೆಲ ಮೂಸತೊಡಗುವುದು ಇವನ್ನೆಲ್ಲ ನಾರ್ವೆಯ ತರಬೇತುಗಾರ್ತಿ ತುರಿದ್ ರುಗಾಸ್ ಒಂದೇ ಗುಂಪಿಗೆ ಸೇರಿಸಿ, ಎದುರಿನವರನ್ನು ತಣ್ಣಗಾಗಿಸುವ ಸನ್ನೆಗಳು ಎಂದು ಕರೆದರು. ಇವೆಲ್ಲ ಎದುರಿನವರಿಗೆಂದೇ ಮಾಡುವ ಸನ್ನೆಗಳೋ, ಒಳಗಿನ ಕಸಿವಿಸಿ ತಾನಾಗಿ ಹೊರಬೀಳುವುದೋ ಎಂದು ಚರ್ಚೆ ಮಾಡಬಹುದು. ಮನೆಯಲ್ಲಿ ನಾಯಿ ಇಟ್ಟುಕೊಂಡವರಿಗೆ ಆ ವ್ಯತ್ಯಾಸದಿಂದ ಆಗಬೇಕಾದ್ದು ಏನೂ ಇಲ್ಲ. ಎರಡರಲ್ಲೂ ಮಾಡಬೇಕಾದ ಕೆಲಸ ಒಂದೇ, ಕೈ ಹಿಂದಕ್ಕೆ ತೆಗೆಯುವುದು. ಅದರಲ್ಲೂ ಮಕ್ಕಳಿರುವ ಮನೆಯಲ್ಲಿ. ಚಿಕ್ಕ ಮಕ್ಕಳು ಹಲ್ಲು ಕಿಸಿದ ನಾಯಿಯ ಚಿತ್ರ ನೋಡಿ "ನಗಾಕತ್ತೈತಿ" ಎಂದುಕೊಳ್ಳುವುದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ನಗುತ್ತಿರುವವರ ಹತ್ತಿರ ಮಕ್ಕಳು ಹೋಗುವುದು ಸಹಜ.

ಗುರುಗುಡುವುದೂ ಒಂದೇ ಮಾತಲ್ಲ. ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ಮೂರು ಬಗೆಯ ಗುರ್ ಸದ್ದು ಧ್ವನಿಮುದ್ರಿಸಿದರು: ಆಟದ್ದು, ಅಪರಿಚಿತನನ್ನು ಬೆದರಿಸುವುದು, ತಿನಿಸು ಕಾಯುವುದು. ಎಲುಬೊಂದನ್ನು ಇಟ್ಟು, ಅದರ ಹಿಂದೆ ಮರೆಯಲ್ಲಿ ಸ್ಪೀಕರ್ ಇಟ್ಟು, ಬೇರೆ ನಾಯಿಗಳನ್ನು ಬಿಟ್ಟರು. ತಿನಿಸು ಕಾಯುವ ಗುರ್ ಕೇಳಿದಾಗ ನಾಯಿಗಳು ಎಲುಬು ಬಿಟ್ಟು ಹಿಂದೆ ಸರಿದವು. ಉಳಿದೆರಡಕ್ಕೆ ಅಷ್ಟಾಗಿ ಸರಿಯಲಿಲ್ಲ. ಕಾಳ್ಯಾ ಮತ್ತು ಚಂದ್ರಿ ಹಳೆ ಟವೆಲ್ ಹಿಡಿದು ಎಳೆದಾಡುವಾಗ ಪಡಸಾಲೆ ಯುದ್ಧಭೂಮಿಯಂತೆ ಕೇಳಿಸುತ್ತದೆ. ಆದರೆ ಮೊದಲು ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ನಿಂತಿರುತ್ತವೆ. "ಈಗ ಮಾಡೂದೆಲ್ಲಾ ಚಾಷ್ಟಿ" ಎಂಬ ಕರಾರು ಅದು. ಕರಾರು ಆದ ಮೇಲೆ ಗುರ್ ಎಂದರೂ ಜಗಳವಲ್ಲ.

ಇನ್ನು ಬೊಗಳುವುದು. "ಒದರೂ ನಾಯಿ ಕಡಿಯಂಗಿಲ್ಲ" ಎಂಬ ಗಾದೆಯನ್ನು ನಂಬಿ ಎಷ್ಟು ಮೀನಖಂಡಗಳು ಹಾಳಾಗಿವೆಯೋ. ಬುಡಾಪೆಸ್ಟಿನ ಅದೇ ಬಳಗ ಮೂದಿ ಎಂಬ ಕುರಿಕಾಯುವ ತಳಿಯ ಬೊಗಳುವಿಕೆಯನ್ನು ಬೇರೆಬೇರೆ ಸಂದರ್ಭಗಳಲ್ಲಿ ಮುದ್ರಿಸಿ ಜನರಿಗೆ ಕೇಳಿಸಿತು. ನಾಯಿಯನ್ನೇ ಸಾಕದವರೂ ಅದು ಸಿಟ್ಟೋ, ಒಂಟಿತನವೋ, ಆಟವೋ ಎಂಬುದನ್ನು ಸುಮ್ಮನೆ ಊಹಿಸಿದರೆ ಬರುವುದಕ್ಕಿಂತ ಚೆನ್ನಾಗಿ ಗುರುತಿಸಿದರು. ದನಿ ತಗ್ಗಿ, ಒಂದರ ಹಿಂದೊಂದು ಬಿಡುವಿಲ್ಲದೆ ಬಂದರೆ ಸಿಟ್ಟು. ದನಿ ಏರಿ, ನಡುನಡುವೆ ಬಿಡುವಿದ್ದರೆ ಬೇರೇನೋ. ಕಪ್ಪತಗುಡ್ಡದ ಸೆರಗಿನಲ್ಲಿ ಹಟ್ಟಿ ಹಾಕಿದ್ದ ಗದಗ ಸೀಮೆಯ ಕುರಿಗಾರನೊಬ್ಬನಿಗೆ ಇದನ್ನು ಹೇಳಿದೆ. ಅವನು ಕಂಬಳಿ ಸರಿಪಡಿಸಿಕೊಂಡು, "ತ್ವಾಳ ಬಂದ್ರ ಒಂದ್ ನಮೂನಿ, ಮಂದಿ ಬಂದ್ರ ಒಂದ್ ನಮೂನಿ, ಒದರೂ ನಾಯಿ ನೋಡಿ ದಾರಿ ಹೋಕರಿಗೂ ತಿಳೀತೈತಿ. ಇದಕ್ಕ ಸಾಲಿ ಯಾಕ್ರಿ?" ಎಂದ. ದೇವರಗುಡ್ಡದಲ್ಲಿ ಮೈಲಾರಲಿಂಗನ ನಾಯಿಗಳೆಂದು ತಮ್ಮನ್ನು ಕರೆದುಕೊಂಡು, ಬೊಗಳುತ್ತ ದೋಣಿ ಎಂಬ ಊಟದ ಪಾತ್ರೆಗೆ ಬಾಯಿ ಹಾಕುವ ಗೊರವರ ಸೀಮೆ ಇದು. ಇಲ್ಲಿ ನಾಯಿಯ ದನಿ ಪರಕೀಯವೇನಲ್ಲ.

ಆದರೆ ನಾವು ತಿಳಿದೇಬಿಟ್ಟಿದ್ದೇವೆ ಎಂದುಕೊಂಡ ಕಡೆಯೇ ಹೆಚ್ಚು ಮೋಸ ಹೋಗುತ್ತೇವೆ. ಚಪ್ಪಲಿ ಕಡಿದ ನಾಯಿಯ ಮುಖ ನೆನಪಿಸಿಕೊಳ್ಳಿ. ತಲೆ ತಗ್ಗಿಸಿ, ಕಿವಿ ಜೋತುಬಿಟ್ಟು, ಓರೆಗಣ್ಣಲ್ಲಿ ನೋಡುತ್ತದೆ. "ತಪ್ಪಾತು ಅನ್ನಾಕತ್ತೈತಿ ನೋಡು" ಎನ್ನದ ಮನೆಯಿಲ್ಲ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳೊಂದಿಗೆ ಇದನ್ನು ಪರೀಕ್ಷಿಸಿದರು. ಒಡೆಯರು "ತಿನ್ನಬೇಡ" ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ತಿನಿಸು ನಾಯಿಯ ಹೊಟ್ಟೆಗೆ ಹೋಯಿತೋ ಇಲ್ಲವೋ ಎಂಬ ಬಗ್ಗೆ ಅವರಿಗೆ ಕೆಲವೊಮ್ಮೆ ಬೇಕೆಂದೇ ಸುಳ್ಳು ಹೇಳಲಾಗುತ್ತಿತ್ತು. ಆ ತಪ್ಪಿತಸ್ಥ ಮುಖಕ್ಕೂ ತಪ್ಪಿಗೂ ಸಂಬಂಧವೇ ಕಾಣಲಿಲ್ಲ, ಸಂಬಂಧವಿದ್ದದ್ದು ಬೈಗುಳಕ್ಕೆ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳ ಮುಖದಲ್ಲೇ ಅದು ಎದ್ದು ಕಂಡಿತು. ನಮ್ಮ ಮನೆಯಲ್ಲಿ ಕಡಿದದ್ದು ಕಾಳ್ಯಾ, ತಲೆ ತಗ್ಗಿಸಿ ನಿಲ್ಲುತ್ತಿದ್ದದ್ದು ಚಂದ್ರಿ. ಎರಡು ವರ್ಷ ಚಂದ್ರಿಯೇ ಚಪ್ಪಲಿ ಕಳ್ಳಿ ಎಂದು ನಂಬಿದ್ದೆವು. ಅಪ್ಪನ ಹೊಸ ಕೊಲ್ಹಾಪುರಿ ಬಾಯಲ್ಲಿ ಹಿಡಿದು ಕಾಳ್ಯಾ ಸಿಕ್ಕಿಬಿದ್ದಾಗ ಅವನ ಬಾಲ ಆರಾಮಾಗಿ ಅಲ್ಲಾಡುತ್ತಿತ್ತು.

ಅವು ನಮ್ಮನ್ನು ಓದುವುದು ನಾವು ಅವನ್ನು ಓದುವುದಕ್ಕಿಂತ ಚೊಕ್ಕ. ಕೋಲ್ಕತ್ತ ಬಳಿಯ ಐಸರ್ ಎಂಬ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಭಾರತದ ಹಲವು ಊರುಗಳ ಬೀದಿನಾಯಿಗಳ ಮುಂದೆ ಎರಡು ಮುಚ್ಚಿದ ಬಟ್ಟಲು ಇಟ್ಟು, ಒಂದರ ಕಡೆ ಕೈ ತೋರಿಸಿತು. ಯಾರೂ ತರಬೇತಿ ಕೊಡದ, ಯಾರ ಮನೆಯದ್ದೂ ಅಲ್ಲದ ನಾಯಿಗಳು ಅವು. ಸುಮಾರು ಅರ್ಧದಷ್ಟು ಹತ್ತಿರವೇ ಬರಲಿಲ್ಲ. ಅವು ಮನುಷ್ಯರಿಂದ ಏನೇನು ಉಂಡಿದ್ದವೋ. ಬಂದವುಗಳಲ್ಲಿ ಸುಮಾರು ಶೇ. 80ರಷ್ಟು ಕೈ ತೋರಿಸಿದ ಬಟ್ಟಲಿಗೇ ಹೋದವು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಿರ್ಚಿ ಬಂಡಿಯ ಪಕ್ಕ ಮಲಗಿರುವ ನಾಯಿ ಯಾವ ಗಿರಾಕಿ ಕೊನೆಯ ತುಂಡು ಬಿಸಾಕುತ್ತಾನೆ, ಯಾವನು ಒದೆಯುತ್ತಾನೆ ಎಂದು ನಡಿಗೆಯಿಂದಲೇ ಅಳೆದಿರುತ್ತದೆ.

ದಸರಾ ಸೂಟಿಗೆ ಹುಡುಗ ಮತ್ತೆ ಬಂದ. ಈ ಸಲ ಅವನಿಗೆ ಒಂದು ಆಟ ಹೇಳಿಕೊಟ್ಟಿದ್ದೆ: ಮಲಗಿದ ನಾಯಿಯ ತಂಟೆಗೆ ಹೋಗಬಾರದು, ತಾನೇ ಬಂದರೆ ಎದೆಯ ಬದಿಗೆ ಮೂರು ಎಣಿಸುವವರೆಗೆ ಕೆರೆಯುವುದು, ಕೈ ತೆಗೆಯುವುದು, ಆಮೇಲೆ ಅದು ಏನು ಹೇಳುತ್ತದೆ ನೋಡುವುದು. ಅವನು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ಬಹಳ ಹೊತ್ತು ಏನೂ ಆಗಲಿಲ್ಲ. ಚಂದ್ರಿ ಬಂದು ಗಜ ದೂರದಲ್ಲಿ ನಿಂತು, ಒಣಗಿದ್ದ ಮೈಯನ್ನೇ ಒಮ್ಮೆ ಕೊಡವಿಕೊಂಡು, ಪಕ್ಕಕ್ಕೆ ಬಂದು ಕೂತಿತು. ಹುಡುಗ ಪಿಸುದನಿಯಲ್ಲಿ ಎಣಿಸಿ ಕೈ ತೆಗೆದ. ಚಂದ್ರಿ ಅವನ ತೊಡೆಯ ಮೇಲಿದ್ದ ಅಂಗೈಯ ಕೆಳಗೆ ಮೂಗು ತೂರಿಸಿ ಮೇಲೆತ್ತಿತು.

"ಕಾಕಾ, ಇನ್ನೊಮ್ಮೆ ಅನ್ನಾಕತ್ತೈತಿ."

"ಹೌದೇನು? ಹಂಗಾರ ಇನ್ನೊಮ್ಮೆ ಮೂರು ಎಣಸು."

ಒಳಗಿನಿಂದ ಅವ್ವ ಕೂಗಿದಳು, ರೊಟ್ಟಿ ಆರುತ್ತಿದ್ದವು. ಕಾಳ್ಯಾ ಆಗಲೇ ಅಡುಗೆಮನೆಯ ಹೊಸ್ತಿಲಲ್ಲಿದ್ದ, ಬಾಲದ ಜೊತೆ ಅರ್ಧ ಮೈ ಕುಣಿಸುತ್ತ.